ಕರ್ನಲ್ ಬದಲಾಯ್ಸಿದ್ವಿ, ತಡ ಮಾತ್ರ ಅಲ್ಲೇ ಇತ್ತು

ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಅಕ್ಕನಿಗೆ ದಿನಕ್ಕೆ ಒಂದೇ ಗಂಟೆ ಬಿಡುವು. ಮಧ್ಯಾಹ್ನದ ಪಾತ್ರೆ ಎಲ್ಲ ಎತ್ತಿಟ್ಟ ಮೇಲೆ, ಸಂಜೆ ತಿಂಡಿಗೆ ಈರುಳ್ಳಿ ಹೆಚ್ಚೋಕೆ ಕೂರುವ ಮುಂಚೆ. ಮೂರರಿಂದ ನಾಲ್ಕು. ಆ ಹೊತ್ತಲ್ಲಿ ಅವರು ಸ್ಟೋರ್ ರೂಮಿನಲ್ಲಿ ಚೀಲ ಹಾಸ್ಕೊಂಡು ಸ್ವಲ್ಪ ಮಲಗ್ತಾರೆ. ಕಳೆದ ರಾಜ್ಯೋತ್ಸವಕ್ಕೆ ಮುಂಚೆ ಅಂಥ ಒಂದು ಗಂಟೆಯನ್ನ ಅವರು ನಮ್ಮ ಸಂಘಕ್ಕೆ ಕೊಟ್ಟಿದ್ರು, ತಮ್ಮ ಅವ್ವನಿಂದ ಕಲಿತ ಬೀಸುವ ಪದ ಹಾಡೋಕೆ. ಅದರಲ್ಲಿ 40 ನಿಮಿಷ ನಾವು ಕಪ್ಪು ಸ್ಕ್ರೀನ್ ನೋಡ್ತಾ ಕೂತಿದ್ವಿ. ಯಾಕಂದ್ರೆ ಹಿಂದಿನ ರಾತ್ರಿ ನಾವು ಲ್ಯಾಪ್‌ಟಾಪಿಗೆ ರಿಯಲ್‌ಟೈಮ್ ಕರ್ನಲ್ ಹಾಕಿದ್ವಿ.

ತಪ್ಪು ನಮ್ದೇ, ಒಪ್ಕೋತೀವಿ. ಆದರೆ "ಲಿನಕ್ಸಿನಲ್ಲಿ ಆಡಿಯೋ ಕೆಲಸಾನಾ? ಮೊದಲು ಲೋ ಲೇಟೆನ್ಸಿ ಕರ್ನಲ್ ಹಾಕ್ಕೊಳ್ಳಿ" ಅನ್ನೋ ಸಲಹೆ ನಮ್ಮ ಕ್ಯಾಂಪಸ್ಸಿನಲ್ಲಿ ಸೀನಿಯರಿಂದ ಜೂನಿಯರಿಗೆ ಲ್ಯಾಬ್ ಮ್ಯಾನ್ಯುಯಲ್ ಥರ ಕೈ ಬದಲಾಯಿಸ್ತಾ ಬಂದಿದೆ. ಅದರ ಬಗ್ಗೆ ನಮ್ಮ ತಕರಾರು ಇದೆ. ಆ ಸಲಹೆ ಸುಳ್ಳಲ್ಲ. ಆದರೆ ಅದು ಯಾವ ಕಾಯಿಲೆಗೆ ಕೊಡೋ ಮದ್ದು ಅಂತ ಯಾರೂ ಹೇಳೋದಿಲ್ಲ, ಮದ್ದಿನ ಜೊತೆ ಏನೇನು ಬರುತ್ತೆ ಅಂತ ಅಂತೂ ಹೇಳೋದೇ ಇಲ್ಲ.

ಮೊದಲು ಕಾಯಿಲೆ ಏನಿತ್ತು ಅಂತ ಹೇಳ್ತೀವಿ. ಅದಕ್ಕೂ ಒಂದು ವಾರ ಮುಂಚೆ ಒಂದು ಟ್ರಯಲ್ ಮಾಡಿದ್ವಿ. ರೂಮಿನ ಕಿಟಕಿಗೆ ಎರಡು ಕಂಬಳಿ ಕಟ್ಟಿ, ಸೀನಿಯರ್ ಒಬ್ಬರ ಹತ್ರ ಎರವಲು ತಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸಿಗೆ ಮೈಕ್ ಸಿಕ್ಕಿಸಿ, ಅಕ್ಕನ ಕಿವಿಗೆ ಹೆಡ್‌ಫೋನ್ ಕೊಟ್ವಿ. ಹೆಡ್‌ಫೋನಿನಲ್ಲಿ ಗೆಳೆಯ ಮೊದಲೇ ನುಡಿಸಿಟ್ಟಿದ್ದ ಮೃದಂಗ, ಅದರ ಜೊತೆ ಅಕ್ಕನ ದನಿ. (ಬೀಸುವ ಪದಕ್ಕೆ ಮೃದಂಗ ಯಾಕೆ ಅಂತ ಕೇಳ್ಬೇಡಿ. ಸಂಘದ ಮೀಟಿಂಗಿನಲ್ಲಿ ಕೈ ಎತ್ತಿಸಿ ತೀರ್ಮಾನ ಆಗಿತ್ತು.) ಮೊದಲ ಸಾಲು ಹಾಡಿದವರೇ ಅಕ್ಕ ಹೆಡ್‌ಫೋನ್ ತೆಗೆದು ಮಂಚದ ಮೇಲಿಟ್ರು. "ತಮ್ಮಾ, ನನ್ ದನಿ ನನ್ ಹಿಂದ್ಲಿಂದ ಬಂದಂಗ ಆಗ್ತೈತಿ. ಹಾಡಾಕ ಬರವಲ್ದು" ಅಂದ್ರು.

ಇಷ್ಟು ಚೆನ್ನಾಗಿ ಲೇಟೆನ್ಸಿಯನ್ನ ನಮಗೆ ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ. ಮೈಕಿಗೆ ಹೋದ ಶಬ್ದ ಕಂಪ್ಯೂಟರ್ ಒಳಗೆಲ್ಲ ಸುತ್ತಾಡಿ ಕಿವಿಗೆ ವಾಪಸ್ ಬರೋಕೆ ಹಿಡಿಯುವ ಸಮಯ ಅದು. ಕನ್ನಡದಲ್ಲಿ 'ವಿಳಂಬ' ಅಂತ ಬರೆಯೋಣ ಅಂತಿದ್ವಿ. ಮೃದಂಗದ ಗೆಳೆಯ ಬೇಡ ಅಂದ. ಸಂಗೀತದಲ್ಲಿ ವಿಳಂಬ ಅಂದ್ರೆ ನಿಧಾನದ ಕಾಲ, ಅದು ದೋಷ ಅಲ್ಲ, ಸೊಗಸು ಅಂತ ಅವನ ವಾದ. ಹಾಗಾಗಿ ಇಲ್ಲಿ 'ತಡ' ಅಂತಲೇ ಕರೀತೀವಿ.

ಈ ತಡ ಎಲ್ಲಿಂದ ಬರುತ್ತೆ? ಕಂಪ್ಯೂಟರ್ ಶಬ್ದವನ್ನ ಒಂದೊಂದೇ ಸ್ಯಾಂಪಲ್ ಆಗಿ ತಗೊಳ್ಳಲ್ಲ, ಗುಂಪು ಗುಂಪಾಗಿ ತಗೊಳ್ಳುತ್ತೆ. ಆ ಗುಂಪಿಗೆ ಬಫರ್ ಅಂತ ಹೆಸರು. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ 1024ರ ಬಫರ್ ತುಂಬೋಕೆ 21.3 ಮಿಲಿಸೆಕೆಂಡು ಬೇಕು. ಒಳಗೆ ಬರುವಾಗ ಒಂದು, ಹೊರಗೆ ಹೋಗುವಾಗ ಕಡಿಮೆ ಅಂದ್ರೂ ಇನ್ನೊಂದು. ಅಲ್ಲಿಗೇ 42 ದಾಟಿತು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಅಂದ್ರೆ ಅಕ್ಕನ ಕಿವಿಗೆ ಅವರ ದನಿ 14 ಮೀಟರ್ ದೂರದಲ್ಲಿ ಯಾರೋ ಹಾಡಿದ ಹಾಗೆ ಕೇಳ್ತಿತ್ತು. "ಹಿಂದ್ಲಿಂದ" ಅಂದಿದ್ದು ಸುಮ್ನೆ ಅಲ್ಲ. ಅದೇ ಬಫರನ್ನ 128ಕ್ಕೆ ಇಳಿಸಿದ್ರೆ ಒಂದೊಂದು ಸುತ್ತು 2.7 ಮಿಲಿಸೆಕೆಂಡು, ಅಂದ್ರೆ ಒಂದು ಮೀಟರಿಗಿಂತ ಕಡಿಮೆ ದೂರ.

ಇಲ್ಲಿ ಕರ್ನಲ್ ಪಾತ್ರ ಏನು ಅನ್ನೋದಕ್ಕೆ ಮೆಸ್ಸಿನ ಭಾನುವಾರದ ದೋಸೆಗಿಂತ ಒಳ್ಳೇ ಉದಾಹರಣೆ ನಮಗೆ ಸಿಗಲಿಲ್ಲ. ನಿಮ್ಮ ಟೇಬಲ್ ಮೇಲಿನ ಡಬ್ಬಿ ಬಫರ್. ಡಬ್ಬಿ ದೊಡ್ಡದಾದ್ರೆ ಭಟ್ರು ಆಗೊಮ್ಮೆ ಈಗೊಮ್ಮೆ ಬಂದು ತುಂಬಿಸಿ ಹೋದ್ರೆ ಸಾಕು, ಆದರೆ ನೀವು ತಿನ್ನೋ ದೋಸೆ ಹೆಂಚಿನಿಂದ ಇಳಿದು ಬಹಳ ಹೊತ್ತಾಗಿರುತ್ತೆ. ಡಬ್ಬಿ ಚಿಕ್ಕದಾದ್ರೆ ದೋಸೆ ಬಿಸಿ, ಆದರೆ ಭಟ್ರು ಒಂದು ಸಲ ತಡ ಮಾಡಿದ್ರೂ ತಟ್ಟೆ ಖಾಲಿ. ಆಡಿಯೋದಲ್ಲಿ ಆ ಖಾಲಿ ತಟ್ಟೆಗೆ ಎಕ್ಸ್‌ರನ್ ಅಂತಾರೆ, ಕಿವಿಗೆ ಅದು 'ಪಟ್' ಅಂತ ಕೇಳಿಸುತ್ತೆ. ಲೋ ಲೇಟೆನ್ಸಿ ಕರ್ನಲ್ ಮಾಡೋದು ಒಂದೇ ಕೆಲಸ: ಭಟ್ರು ಬೇರೆ ಏನೇ ಮಾಡ್ತಿರಲಿ, ನಿಮ್ಮ ಟೇಬಲ್ ಕೂಗಿದ ತಕ್ಷಣ ಅರ್ಧಕ್ಕೆ ಬಿಟ್ಟು ಓಡಿ ಬರೋ ಹಾಗೆ ಮಾಡೋದು. ಓಎಸ್ ಪೇಪರಿನಲ್ಲಿ ನಾವೆಲ್ಲ ಬರೆದ ಪ್ರೀಎಂಪ್ಷನ್ ಇದೇ, ಕರ್ನಲ್ ಒಳಗೂ ಅದನ್ನ ಬಿಟ್ಟಿರ್ತಾರೆ ಅಷ್ಟೇ.

ಈಗ ಗಮನಿಸಿ. ಈ ಕರ್ನಲ್ ಡಬ್ಬಿಯ ಅಳತೆ ಬದಲಾಯಿಸೋದಿಲ್ಲ. ಡಬ್ಬಿ ಚಿಕ್ಕದು ಮಾಡಬೇಕಾದವರು ನೀವೇ. ಚಿಕ್ಕದು ಮಾಡಿದ ಮೇಲೆ ತಟ್ಟೆ ಖಾಲಿ ಆಗ್ತಿದ್ರೆ ಮಾತ್ರ ಭಟ್ರ ಓಟದ ಪ್ರಶ್ನೆ ಬರುತ್ತೆ. ಇಷ್ಟು ಸಣ್ಣ ವಿಷಯ ನಮಗೆ ಅರ್ಥ ಆಗಿದ್ದು ರಾಜ್ಯೋತ್ಸವ ಮುಗಿದು ಎರಡು ವಾರ ಆದ ಮೇಲೆ.

ಆ ರಾತ್ರಿ ಮಾತ್ರ ನಮ್ಮ ಕೈಯಲ್ಲಿ ಒಂದು ಪಿಡಿಎಫ್ ಇತ್ತು, ಯಾರು ಬರೆದಿದ್ದೋ ಗೊತ್ತಿಲ್ಲ. ರಿಯಲ್‌ಟೈಮ್ ಕರ್ನಲ್ ಹಾಕಿ, ಸಿಪಿಯು ಗವರ್ನರ್ ಅನ್ನು ಪರ್ಫಾರ್ಮೆನ್ಸ್‌ಗೆ ಇಡಿ, ಅದು ಆಫ್ ಮಾಡಿ, ಇದು ಆಫ್ ಮಾಡಿ ಅಂತ ಪಟ್ಟಿ. ಲೋ ಲೇಟೆನ್ಸಿ ಸಾಲದು ಅಂತ ಒಂದು ಮೆಟ್ಟಿಲು ಮೇಲಕ್ಕೆ ಹೋಗಿ ರಿಯಲ್‌ಟೈಮನ್ನೇ ಹಾಕಿದ್ವಿ. ಎರಡೂವರೆಗೆ ಮುಗೀತು. ರೀಬೂಟ್ ನಾಳೆ ಮಾಡಿದ್ರಾಯ್ತು ಅಂತ ಮಲಗಿದ್ವಿ. ಮಾರನೇ ದಿನ ಎರಡೂವರೆವರೆಗೂ ಕ್ಲಾಸು. ಮೂರಕ್ಕೆ ಅಕ್ಕ ಸೆರಗಿಗೆ ಕೈ ಒರೆಸ್ಕೊಂಡು ಬಂದು ಕೂತಾಗ ನಾವು ಮೊದಲ ಸಲ ರೀಬೂಟ್ ಒತ್ತಿದ್ದು.

ಗ್ರಾಫಿಕ್ಸ್ ಕಾರ್ಡಿಗೆ ಕಂಪನಿಯೇ ಕೊಡುವ ಡ್ರೈವರ್ ಮುಖ್ಯ ಕರ್ನಲ್ಲಿನ ಭಾಗ ಅಲ್ಲ. ಒಂದೊಂದು ಕರ್ನಲ್ಲಿಗೂ ಅದನ್ನ ಬೇರೆ ಬೇರೆಯಾಗಿ ಕಂಪೈಲ್ ಮಾಡಿ ಜೋಡಿಸಬೇಕು. ಹೊಸ ಕರ್ನಲ್ಲಿನ ಹೆಡರ್ ಫೈಲ್ ಇಲ್ಲದಿದ್ರೆ ಜೋಡಣೆ ಆಗಲ್ಲ. ರಿಯಲ್‌ಟೈಮ್ ಕರ್ನಲ್ ಅಂತ ಗೊತ್ತಾದ್ರೆ ಜೋಡಿಸ್ಕೊಳ್ಳೋಕೇ ಒಪ್ಪದ ಡ್ರೈವರುಗಳೂ ಇವೆ. ಹೊರಗಿನಿಂದ ಹಾಕಿದ ವೈಫೈ ಡ್ರೈವರ್, ವರ್ಚುಯಲ್ ಮೆಷೀನಿನ ಮಾಡ್ಯೂಲ್ ಎಲ್ಲದರ ಕಥೆಯೂ ಇದೇ. ಸೆಕ್ಯೂರ್ ಬೂಟ್ ಆನ್ ಇದ್ದರಂತೂ ಸಹಿ ಇಲ್ಲದ ಮಾಡ್ಯೂಲನ್ನ ಬಾಗಿಲಲ್ಲೇ ನಿಲ್ಲಿಸಿಬಿಡುತ್ತೆ. ಇದೆಲ್ಲ ಗೊತ್ತಿದ್ದವರಿಗೆ ಹತ್ತು ನಿಮಿಷದ ಕೆಲಸ. ನಮಗೆ ಗೊತ್ತಿರಲಿಲ್ಲ. ನಮ್ಮ ಹತ್ರ ಇದ್ದ ಗಂಟೆ ಅಕ್ಕನದು.

"ಕರೆಂಟ್ ಹೋಗೈತೇನ್ರಿ?" ಅಂತ ಅಕ್ಕ ಕೇಳಿದ್ರು. ನಾವು "ಇಲ್ಲಕ್ಕಾ, ಈಗ ಆಯ್ತು, ಐದೇ ನಿಮಿಷ" ಅಂದ್ವಿ. ಅಂಥ ಐದು ನಿಮಿಷಗಳು ಎಂಟಾದವು. ಕೊನೆಗೆ ಬೂಟ್ ಮೆನುವಿನಲ್ಲಿ ಹಳೇ ಕರ್ನಲ್ ಇನ್ನೂ ಇದೆ ಅಂತ ಪಕ್ಕದ ರೂಮಿನವನು ಬಂದು ತೋರಿಸಿದ. 3:40ಕ್ಕೆ ಶುರು ಮಾಡಿದ್ವಿ. ಅಕ್ಕನ ದನಿಯನ್ನ ಹೆಡ್‌ಫೋನಿನಲ್ಲಿ ಬಂದ್ ಮಾಡಿ, ಒಂದು ಕಿವಿಗೆ ಮೃದಂಗ ಮಾತ್ರ ಕೊಟ್ಟು, ಎರಡು ಟೇಕ್. ನಾಲ್ಕಕ್ಕೆ ಕೆಳಗಿನಿಂದ ಯಾರೋ ಕೂಗಿದ್ರು, ಅಕ್ಕ ಎದ್ದು ಹೋದ್ರು. ಮಲಗಲಿಲ್ಲ.

ರಾತ್ರಿ ಕೇಳಿ ನೋಡಿದ್ರೆ ಎರಡೂ ಟೇಕಿನಲ್ಲಿ ಹಾಡಿನ ಹಿಂದೆ 'ಗುಂಯ್' ಅಂತ ಒಂದೇ ಸಮನೆ ಶಬ್ದ. ಲ್ಯಾಪ್‌ಟಾಪಿನ ಫ್ಯಾನು. ಪಿಡಿಎಫ್ ಹೇಳಿದ ಹಾಗೆ ಇಟ್ಟಿದ್ದ ಪರ್ಫಾರ್ಮೆನ್ಸ್ ಗವರ್ನರ್ ಹಳೇ ಕರ್ನಲ್ಲಿಗೂ ಹಾಗೇ ಬಂದಿತ್ತು. ಎಕ್ಸ್‌ರನ್ ಬರಬಾರದು ಅಂತ ಪ್ರೊಸೆಸರನ್ನ ಸದಾ ಓಡೋ ವೇಗದಲ್ಲಿ ನಿಲ್ಲಿಸೋದು ಈ ಇಡೀ ವ್ರತದ ಒಂದು ಅಂಗ. ಸ್ಟುಡಿಯೋದಲ್ಲಿ ಕಂಪ್ಯೂಟರ್ ಬೇರೆ ಕೋಣೆಯಲ್ಲಿದ್ರೆ ಅಡ್ಡಿಯಿಲ್ಲ. ಹತ್ತಡಿಗೆ ಹತ್ತಡಿ ಹಾಸ್ಟೆಲ್ ರೂಮಿನಲ್ಲಿ ಮೈಕಿನಿಂದ ಒಂದು ಮಾರು ದೂರದಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡವರಿಗೆ ಶಾಖ ಅಂದ್ರೆ ಶಬ್ದ. ಬ್ಯಾಟರಿ ಬೇಗ ಇಳಿಯುತ್ತೆ ಅನ್ನೋದು ಇನ್ನೊಂದು. ಚಾರ್ಜರ್ ಹಾಕಿದ್ರೆ ಕೆಲವು ಸಲ ಅದರ ಗುಂಯ್‌ಗುಡುವಿಕೆಯೂ ಮೈಕ್ ಲೈನಿಗೆ ಇಳಿಯುತ್ತೆ. ಒಟ್ಟಿನಲ್ಲಿ ಶಬ್ದ ಚೆನ್ನಾಗಿ ಬರಲಿ ಅಂತ ಮಾಡಿದ ಕೆಲಸವೇ ಶಬ್ದ ಕೆಡಿಸಿತ್ತು. ರಾಜ್ಯೋತ್ಸವದ ದಿನ ಅದನ್ನೇ ಹಾಕಿದ್ವಿ. ಮೇಡಂ ಒಬ್ಬರು ಬಂದು "ಹಿಂದೆ ಬೀಸುಕಲ್ಲಿನ ಶಬ್ದ ಎಷ್ಟು ಚೆನ್ನಾಗಿ ಸೇರಿಸಿದೀರಪ್ಪಾ" ಅಂದ್ರು. ನಾವು ಥ್ಯಾಂಕ್ಸ್ ಮೇಡಂ ಅಂದ್ವಿ. ಇನ್ನೇನು ಹೇಳೋದು.

ಇಂಟರ್‌ಫೇಸ್ ವಾಪಸ್ ಕೊಡೋಕೆ ಹೋದಾಗ ಸೀನಿಯರ್ ಎಲ್ಲ ಕೇಳಿಸ್ಕೊಂಡು, ಅದರ ಮುಂಭಾಗದಲ್ಲಿದ್ದ ಒಂದು ಪುಟ್ಟ ಬಟನ್ ತೋರಿಸಿ "ಇದನ್ನ ಒತ್ತಲಿಲ್ವಾ?" ಅಂದ್ರು. ಡೈರೆಕ್ಟ್ ಮಾನಿಟರ್. ಒತ್ತಿದ್ರೆ ಮೈಕಿನ ಶಬ್ದ ಕಂಪ್ಯೂಟರಿಗೆ ಹೋಗುವ ಮುಂಚೆಯೇ ಪೆಟ್ಟಿಗೆಯೊಳಗಿನಿಂದ ನೇರ ಹೆಡ್‌ಫೋನಿಗೆ ಬರುತ್ತೆ. ಬಫರ್ ಇಲ್ಲ, ಕರ್ನಲ್ ಇಲ್ಲ, ಕಿವಿಗೆ ಗೊತ್ತಾಗೋ ತಡ ಇಲ್ಲ. ರೆಕಾರ್ಡ್ ಆಗುವ ಶಬ್ದ ತನ್ನ ಪಾಡಿಗೆ ತಡವಾಗಿ ಹೋಗಲಿ, ಎಷ್ಟು ತಡ ಅಂತ ಸಾಫ್ಟ್‌ವೇರಿಗೆ ಲೆಕ್ಕ ಗೊತ್ತಿರುತ್ತೆ, ಟ್ರ್ಯಾಕನ್ನ ಅಷ್ಟು ಹಿಂದಕ್ಕೆ ಸರಿಸಿ ಕೂರಿಸುತ್ತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಒಂದು ಹೆಜ್ಜೆ ಮುಂದೆ ಹೋಗಿ ನೆಲವನ್ನೇ ಅಗೆದಿದ್ವಿ.

ಆಮೇಲೆ ಛಲಕ್ಕೆ ಬಿದ್ದು ಪರೀಕ್ಷೆ ಮಾಡಿದ್ವಿ. ಹೆಡರ್ ಹಾಕಿ, ಗ್ರಾಫಿಕ್ಸ್ ಡ್ರೈವರ್ ಕಿತ್ತು, ರಿಯಲ್‌ಟೈಮ್ ಕರ್ನಲ್ ಅನ್ನು ಹೇಗೋ ಓಡಿಸಿದ್ವಿ. ಇಂಟರ್‌ಫೇಸಿನ ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ಒಂದು ಕೇಬಲ್ ಹಾಕಿ, ಒಂದು 'ಟಿಕ್' ಕಳಿಸಿ, ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ಟ್ರ್ಯಾಕಿನ ಮೇಲೆ ಅಳೆದ್ವಿ. ಹಳೇ ಕರ್ನಲ್ಲಿನಲ್ಲಿ ಎಷ್ಟಿತ್ತೋ ಹೊಸದರಲ್ಲೂ ಅಷ್ಟೇ. ಸೆಟ್ಟಿಂಗ್ ತೆಗೆದು ನೋಡಿದ್ರೆ ಬಫರ್ 1024. ಪೈಪ್‌ವೈರ್ ತಾನಾಗಿಯೇ ಇಟ್ಟುಕೊಳ್ಳುವ ಅಳತೆ ಅದು, ನಾವು ಮುಟ್ಟಿಯೇ ಇರಲಿಲ್ಲ. ಒಂದು ರಾತ್ರಿಯ ನಿದ್ದೆ, ಅಕ್ಕನ ಗಂಟೆ, ಎಲ್ಲ ಕೊಟ್ಟು ಕೊಂಡ ಕರ್ನಲ್ ಒಂದು ಮಿಲಿಸೆಕೆಂಡನ್ನೂ ಕಡಿಮೆ ಮಾಡಿರಲಿಲ್ಲ. ಮಾಡೋಕೆ ನಾವು ಹೇಳಿರಲೂ ಇಲ್ಲ.

ಹಳೇ ಕರ್ನಲ್ಲಿಗೇ ವಾಪಸ್ ಹೋಗಿ ಬಫರ್ ಇಳಿಸ್ತಾ ಬಂದ್ವಿ. 256ಕ್ಕೆ ಏನೂ ಆಗಲಿಲ್ಲ. ನಮ್ಮ ಯೂಸರನ್ನ ಆಡಿಯೋ ಗ್ರೂಪಿಗೆ ಸೇರಿಸಿ, ಆ ಗ್ರೂಪಿಗೆ ರಿಯಲ್‌ಟೈಮ್ ಆದ್ಯತೆ ಕೇಳುವ ಅನುಮತಿ ಕೊಟ್ಟ ಮೇಲೆ (ಇದಕ್ಕೆ ಯಾವ ವಿಶೇಷ ಕರ್ನಲ್ಲೂ ಬೇಕಿಲ್ಲ, ಬಹಳ ಜನ ಈ ಎರಡನ್ನ ಒಂದೇ ಅಂದ್ಕೊಂಡಿದಾರೆ) 128ಕ್ಕೂ ಸುಮ್ಮನಿತ್ತು. 64ಕ್ಕೆ ಬಂದಾಗ ಪಟ್ ಪಟ್ ಶುರುವಾಯ್ತು. ಅಲ್ಲಿ ರಿಯಲ್‌ಟೈಮ್ ಕರ್ನಲ್ ಹಾಕಿದ್ರೆ ಪಟ್ ಪಟ್ ಕಡಿಮೆ. ಇದನ್ನ ಮುಚ್ಚಿಡಲ್ಲ. 128ಕ್ಕೂ 64ಕ್ಕೂ ಒಂದು ಬಫರಿನ ಲೆಕ್ಕದಲ್ಲಿ ವ್ಯತ್ಯಾಸ 1.3 ಮಿಲಿಸೆಕೆಂಡು. ಗಾಳಿಯಲ್ಲಿ ಒಂದೂವರೆ ಅಡಿ. ಆ ಒಂದೂವರೆ ಅಡಿಗೆ ನಾವು ಏನೇನು ಕೊಡ್ತಿದೀವಿ ಅನ್ನೋದೇ ನಮ್ಮ ಪ್ರಶ್ನೆ.

ಕೊಡೋದರಲ್ಲಿ ಹೆಚ್ಚು ಜನ ಮಾತಾಡದೆ ಇರೋದು ಇನ್ನೂ ಒಂದಿದೆ. ಭಟ್ರು ಕೂಗಿದಾಗೆಲ್ಲ ಓಡಿದ್ರೆ ಒಟ್ಟು ದೋಸೆ ಕಡಿಮೆ ಆಗುತ್ತೆ. ಕೆಲಸ ಬದಲಾಯಿಸೋದಕ್ಕೂ ಸಮಯ ಬೇಕು, ಕಾಂಟೆಕ್ಸ್ಟ್ ಸ್ವಿಚ್ ಪುಕ್ಕಟೆ ಅಲ್ಲ ಅಂತ ಎರಡು ಮಾರ್ಕಿನ ಉತ್ತರದಲ್ಲಿ ಬರೆದಿದೀವಿ. ಬರೀ ಲೋ ಲೇಟೆನ್ಸಿ ಕರ್ನಲ್ಲಿನಲ್ಲಿ ಈ ನಷ್ಟ ಸಣ್ಣದು, ಗೊತ್ತಾಗೋದೇ ಕಷ್ಟ. ಪೂರ್ತಿ ರಿಯಲ್‌ಟೈಮಿನಲ್ಲಿ ಇಂಟರಪ್ಟ್‌ಗಳೂ ಥ್ರೆಡ್ ಆಗ್ತಾವೆ, ಒಳಗಿನ ಬಹುಪಾಲು ಸ್ಪಿನ್‌ಲಾಕುಗಳು ಮಲಗಬಲ್ಲ ಲಾಕುಗಳಾಗ್ತಾವೆ, ಅಲ್ಲಿ ಬೆಲೆ ಜಾಸ್ತಿ. ತಮಾಷೆ ಏನಂದ್ರೆ, ರೆಕಾರ್ಡಿಂಗ್ ಆದ ಮೇಲೆ ಬರೋ ಆಡಿಯೋ ಕೆಲಸ, ಮಿಕ್ಸಿಂಗು, ಇಪ್ಪತ್ತು ಪ್ಲಗಿನ್ ಹಾಕಿ ಎಕ್ಸ್‌ಪೋರ್ಟ್ ಮಾಡೋದು, ಎಲ್ಲ ಒಟ್ಟು ದೋಸೆಯ ಕೆಲಸ. ಅಲ್ಲಿ ತಡ ಎಷ್ಟಿದ್ರೂ ಯಾರಿಗೂ ತೊಂದರೆ ಇಲ್ಲ. ಬಫರನ್ನ 1024ಕ್ಕೆ, 2048ಕ್ಕೆ ಏರಿಸಿ ಆರಾಮಾಗಿ ಕೂರಬಹುದು.

ಹ್ಯಾಂಗ್ ಆಗೋ ಭಯವೂ ಇದೆ. ಅತಿ ಹೆಚ್ಚು ಆದ್ಯತೆ ಪಡೆದ ಆಡಿಯೋ ಥ್ರೆಡ್ ಒಂದು ಕೆಟ್ಟ ಪ್ಲಗಿನ್ನಿನಿಂದ ಲೂಪಿಗೆ ಬಿದ್ರೆ, ಆ ಕೋರಿನಲ್ಲಿ ಬೇರೆ ಯಾರಿಗೂ ಜಾಗ ಬಿಡಲ್ಲ. ಇದಕ್ಕೇ ಅಂತ ಲಿನಕ್ಸಿನಲ್ಲಿ ಬಹಳ ಕಾಲದಿಂದ ಒಂದು ತಡೆ ಇದೆ, ರಿಯಲ್‌ಟೈಮ್ ಕೆಲಸಗಳಿಗೆ ಪ್ರತಿ ಸೆಕೆಂಡಿನಲ್ಲಿ 0.95 ಸೆಕೆಂಡು ಮಾತ್ರ, ಉಳಿದದ್ದು ಮಿಕ್ಕವರಿಗೆ. ನಮ್ಮ ಪಿಡಿಎಫ್ ಆ ತಡೆಯನ್ನೂ ತೆಗೆಯಿರಿ ಅಂದಿತ್ತು. ದೇವರ ದಯೆ, ಆ ಸಾಲು ಬರುವಷ್ಟರಲ್ಲಿ ನಮಗೆ ನಿದ್ದೆ ಬಂದಿತ್ತು.

ಇಷ್ಟೆಲ್ಲ ಮಾಡಿದ್ರೂ ಕರ್ನಲ್ಲಿನ ಕೈ ಮೀರಿದ ತಡಗಳು ಉಳೀತಾವೆ. ಮದರ್‌ಬೋರ್ಡಿನ ಫರ್ಮ್‌ವೇರ್ ತನ್ನ ಕೆಲಸಕ್ಕೆ ಆಗಾಗ ಪ್ರೊಸೆಸರನ್ನ ಕಿತ್ತುಕೊಳ್ಳುತ್ತೆ, ಅದನ್ನ ಯಾವ ಕರ್ನಲ್ಲೂ ತಡೆಯೋಕಾಗಲ್ಲ. ಇನ್ನು ಬ್ಲೂಟೂತ್ ಇಯರ್‌ಬಡ್ಸ್ ಹಾಕ್ಕೊಂಡು ಲೋ ಲೇಟೆನ್ಸಿ ಕರ್ನಲ್ ಓಡಿಸುವ ಒಬ್ಬರು ನಮ್ಮ ಬ್ಲಾಕಿನಲ್ಲೇ ಇದಾರೆ. ಬ್ಲೂಟೂತ್ ಒಂದೇ ಸಾಮಾನ್ಯವಾಗಿ ನೂರು ಮಿಲಿಸೆಕೆಂಡಿಗಿಂತ ಹೆಚ್ಚು ತಡ ಸೇರಿಸುತ್ತೆ. ಅವರಿಗೆ ಹೇಳಿದೀವಿ. ನಂಬಿಲ್ಲ.

ಹಾಗಂತ ಈ ಕರ್ನಲ್ ದಂಡ ಅಂತ ನಾವು ಹೇಳ್ತಿಲ್ಲ. ಫೆಸ್ಟಿನ ಸ್ಟೇಜಿನಲ್ಲಿ ಲ್ಯಾಪ್‌ಟಾಪಿನ ಪಿಯಾನೋ ಶಬ್ದ ಇಟ್ಕೊಂಡು ಕೀಬೋರ್ಡ್ ನುಡಿಸೋರಿಗೆ, ಗಿಟಾರಿನ ಆಂಪ್ಲಿಫೈಯರನ್ನೇ ಸಾಫ್ಟ್‌ವೇರಿನಲ್ಲಿ ಓಡಿಸೋರಿಗೆ ಡೈರೆಕ್ಟ್ ಮಾನಿಟರ್ ಬಟನ್ನಿಂದ ಉಪಯೋಗ ಇಲ್ಲ. ಅವರ ಶಬ್ದ ಹುಟ್ಟೋದೇ ಕಂಪ್ಯೂಟರ್ ಒಳಗೆ. ಅವರಿಗೆ 64 ಬೇಕು, ಒಂದು ಪಟ್ ಕೂಡ ಬರಬಾರದು. ಕಾರ್ಖಾನೆಯ ಯಂತ್ರಗಳಿಗೆ, ರೋಬೋಗಳಿಗೆ ಬೇಕಾದ ಖಾತರಿಯೂ ಇದೇ ಜಾತಿಯದು. ಅದಕ್ಕಾಗಿಯೇ 2004ರ ಹೊತ್ತಿಗೆ ಇಂಗೊ ಮೊಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮುಂತಾದವರು ಶುರು ಮಾಡಿದ ರಿಯಲ್‌ಟೈಮ್ ಪ್ಯಾಚ್, 20 ವರ್ಷ ಹೊರಗೇ ಇದ್ದು, 2024ರ ನವೆಂಬರಿನಲ್ಲಿ ಬಂದ ಲಿನಕ್ಸ್ 6.12ರಲ್ಲಿ ಮುಖ್ಯ ಕರ್ನಲ್ಲಿಗೆ ಸೇರಿತು. ಅದನ್ನ ಸೇರಿಸ್ಕೊಳ್ಳಿ ಅನ್ನೋ ಕೋರಿಕೆಯನ್ನ ಪ್ರಿಂಟ್ ಹಾಕಿ, ಚಿನ್ನದ ಬಣ್ಣದ ಕಾಗದದಲ್ಲಿ ಸುತ್ತಿ ಲಿನಸ್ ಟೊರ್ವಾಲ್ಡ್ಸ್ ಕೈಗೆ ಕೊಟ್ಟಿದ್ರು. ಅಷ್ಟು ಜನರ ಅಷ್ಟು ವರ್ಷದ ಕೆಲಸಕ್ಕೆ ನಮಗೆ ಗೌರವ ಇದೆ. ಅದು ನಮ್ಮ ಬೀಸುವ ಪದಕ್ಕೆ ಬೇಕಿರಲಿಲ್ಲ, ಅಷ್ಟೇ.

ಬೇಕಾದವರಿಗೂ ಈಗ ಬೇರೆ ಕರ್ನಲ್ಲೇ ಹಾಕಬೇಕು ಅಂತಿಲ್ಲ. 2021ರಲ್ಲಿ ಬಂದ ಲಿನಕ್ಸ್ 5.12ರಿಂದ ಪ್ರೀಎಂಪ್ಷನ್ ಎಷ್ಟಿರಬೇಕು ಅನ್ನೋದನ್ನ ಬೂಟ್ ಮಾಡುವಾಗ ಒಂದು ಪದ ಸೇರಿಸಿ ಬದಲಾಯಿಸುವ ಸೌಲಭ್ಯ ಇದೆ, ಡಿಸ್ಟ್ರೋದವರು ಅದನ್ನ ಆನ್ ಮಾಡಿ ಕೊಟ್ಟಿದ್ರೆ ಸಾಕು. ಸಂಗೀತದವರಿಗೆ ಅಂತಲೇ ಇರುವ ಉಬುಂಟು ಸ್ಟುಡಿಯೋ ಕೂಡ ಸಾಮಾನ್ಯ ಕರ್ನಲ್ಲನ್ನೇ ಇಂಥ ಬೂಟ್ ಆಯ್ಕೆಗಳ ಜೊತೆ ಕೊಡ್ತಿದೆ. ಡ್ರೈವರ್ ಕಳಚಲ್ಲ. ಬೇಡ ಅಂದ್ರೆ ಆ ಪದ ಅಳಿಸಿದ್ರಾಯ್ತು.

"ಒಂದೇ ಕಮಾಂಡ್ ತಾನೇ, ಹಾಕ್ಕೊಂಡ್ರೆ ನಷ್ಟ ಏನು?" ಅಂತ ಈ ಲೇಖನದ ಡ್ರಾಫ್ಟ್ ಓದಿದ ಕ್ಲಾಸ್‌ಮೇಟ್ ಒಬ್ಬಳು ಕೇಳಿದ್ಲು. ನಷ್ಟ ಯಾರದು ಅನ್ನೋದರ ಮೇಲೆ ಹೋಗುತ್ತೆ. ನಮ್ಮ ಅಸೈನ್‌ಮೆಂಟ್ ಲ್ಯಾಪ್‌ಟಾಪ್ ಕೆಟ್ರೆ ನಾವು ಅನುಭವಿಸ್ತೀವಿ, ಕಲೀತೀವಿ ಕೂಡ. ಆದರೆ ಮೈಕಿನ ಮುಂದೆ ಇನ್ನೊಬ್ಬರು ಬಂದು ಕೂತಿರುವಾಗ ಆ ಕಂಪ್ಯೂಟರ್ ನಮ್ಮ ಪ್ರಯೋಗಶಾಲೆ ಅಲ್ಲ. ಅವತ್ತು ಬೆಳಿಗ್ಗೆಯಾದ್ರೂ ಒಂದು ಸಲ ರೀಬೂಟ್ ಮಾಡಿ ನೋಡಬೇಕಿತ್ತು.

ಸೆಮಿಸ್ಟರ್ ಮುಗಿಯುವ ಮುಂಚೆ ಅಕ್ಕನನ್ನ ಇನ್ನೊಂದು ಸಲ ಕೇಳಿದ್ವಿ. ಕೇಳೋಕೆ ನಾಚಿಕೆ ಆಗ್ತಿತ್ತು. "ಈ ಸಲ ನಿಮ್ ಮಷಿನ್ ಎದ್ದೈತೇನು?" ಅಂತ ನಗ್ತಾನೇ ಬಂದ್ರು. ಹಳೇ ಕರ್ನಲ್, ಬಫರ್ 1024, ಗವರ್ನರ್ ಮೊದಲಿನ ಹಾಗೆ, ಲ್ಯಾಪ್‌ಟಾಪ್ ಬಾಗಿಲಾಚೆ ಕಾರಿಡಾರಿನಲ್ಲಿ, ಇಂಟರ್‌ಫೇಸಿನ ಬಟನ್ ಒತ್ತಿತ್ತು. ಮೃದಂಗ ಬೇಡ ಅಂತ ಅಕ್ಕನೇ ಹೇಳಿದ್ರು. ಹೆಡ್‌ಫೋನಿನಲ್ಲಿ ತಮ್ಮ ದನಿ ಕೇಳಿಸ್ಕೊಂಡು ಒಂದು ಸಲ ನಮ್ಮ ಕಡೆ ನೋಡಿದ್ರು, ಆಮೇಲೆ ಕಣ್ಣು ಮುಚ್ಚಿ, ಬಲಗೈ ತೊಡೆಯ ಮೇಲೆ ಗುಂಡಗೆ ತಿರುಗಿಸ್ತಾ ಮೂರು ಪದ ಹಾಡಿದ್ರು. 3:20ಕ್ಕೆ ಮುಗೀತು. ಉಳಿದ 40 ನಿಮಿಷ ಸ್ಟೋರ್ ರೂಮಿಗೆ ಹೋಗಿ ಮಲಗಿದ್ರು.